ಮುಸುರೆ ಕೈ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನನ್ನು ಕೀಮೋ ಡೇ ಕೇರ್‌ಗೆ, ಅಂದರೆ ಕ್ಯಾನ್ಸರ್ ಔಷಧಿ ಕೊಡುವ ಕಡೆಗೆ, ನರ್ಸ್ ಡ್ಯೂಟಿಗೆ ಹಾಕಿದ್ದಾರೆ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಮಗು ಬೇಕು ಅಂತಿರುವ ಹೊತ್ತಲ್ಲಿ ಇದೆಲ್ಲಿ ಬಂತು ಅಂತ ಅವಳಿಗೆ ಗಾಬರಿ. ನನಗೆ ಅಷ್ಟು ಗಾಬರಿ ಇಲ್ಲ. ಆದರೆ ಸುಮ್ನೆ ಇರಲೂ ಆಗಲಿಲ್ಲ.

ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಿಟಕಿ ಪಕ್ಕದ ಮೇಜೇ ನಮಗೆ ಔಷಧಿ ಕಲಸುವ ಜಾಗ. ಮೇಲೆ ಫ್ಯಾನ್ ಬೇರೆ. ಕೀಮೋ ಔಷಧಿಗಳಲ್ಲಿ ಡಾಕ್ಸೋರುಬಿಸಿನ್ ಕೆಂಪಗಿರುತ್ತದೆ, ಚೆಲ್ಲಿದರೆ ಕಾಣುತ್ತದೆ. ಸೈಕ್ಲೋಫಾಸ್ಫಮೈಡ್ ನೀರಿನ ಹಾಗೆ, ಒಣಗಿದರೆ ಗುರುತೇ ಇಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಕೈ ತೊಳೆದುಕೊಳ್ಳುತ್ತಿದ್ದೆವು. ಸ್ಪಿರಿಟ್ ಕ್ರಿಮಿ ಕೊಲ್ಲುತ್ತದೆ, ಈ ಔಷಧಿಯನ್ನಲ್ಲ. ಒಂದು ಕಡೆ ಇದ್ದದ್ದನ್ನು ಮೇಜಿನ ತುಂಬಾ ಸವರಿದ್ದೇ ಬಂತು. 1979ರಲ್ಲೇ ಫಿನ್ಲೆಂಡಿನವರು ಇಂಥ ಔಷಧಿ ಮುಟ್ಟುವ ನರ್ಸ್‌ಗಳ ಮೂತ್ರದಲ್ಲಿ ಜೀನ್ ಕೆಡಿಸುವ ಅಂಶ ಕಂಡು ಬರೆದಿದ್ದರು. ನಮ್ಮ ವಾರ್ಡಿಗೆ ಆ ಸುದ್ದಿ ಬರಲೇ ಇಲ್ಲ.

ನನಗೆ ಕಣ್ಣು ತೆರೆದದ್ದು ರಿಟೈರ್ ಆಗುವ ಸ್ವಲ್ಪ ಮೊದಲು, ಒಂದು ಟ್ರೈನಿಂಗ್‌ನಲ್ಲಿ. ಸಲೈನ್‌ಗೆ ಹೊಳೆಯುವ ಬಣ್ಣ ಹಾಕಿ, ಎಂದಿನಂತೆ ಕಲಸಿ ಅಂದರು. ಬಹಳ ಜೋಪಾನವಾಗಿ ಕಲಸಿದೆ. ಆಮೇಲೆ ಲೈಟ್ ಆರಿಸಿ ನೀಲಿ ದೀಪ ಹಿಡಿದರು. ನನ್ನ ಪೆನ್ನಿನ ಕ್ಯಾಪು, ಕೇಸ್ ಶೀಟಿನ ಮೂಲೆ, ಬಾಗಿಲ ಹಿಡಿ, ಕನ್ನಡಕದ ಕಡ್ಡಿ ಎಲ್ಲಾ ಮಿಣಮಿಣ ಅಂತಿತ್ತು. ಒಂದು ಹನಿ ಚೆಲ್ಲಿದ ನೆನಪೂ ನನಗಿರಲಿಲ್ಲ!

ಅಜ್ಜಿ ನೆನಪಾದಳು. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಸೌಟಿನಲ್ಲಿ ಬಾರಿಸುತ್ತಿದ್ದಳಲ್ವಾ? ಗ್ಲೌಸ್ ಹಾಕಿದ ಕೈ ಮುಸುರೆ ಕೈ ಅಂದುಕೋ. ಆ ಕೈಯಲ್ಲಿ ಫೋನ್ ಎತ್ತಬೇಡ, ಕೂದಲು ಸರಿ ಮಾಡಿಕೊಳ್ಳಬೇಡ. ಕೀಮೋಗೆಂದೇ ಪರೀಕ್ಷೆ ಮಾಡಿದ ಗ್ಲೌಸ್ ಎರಡು ಜೊತೆ ಹಾಕು, ಅರ್ಧ ಗಂಟೆಗೊಮ್ಮೆ ಬದಲಾಯಿಸು. ಹರಿದರೆ ಆಗಲೇ. ಸೀಲ್ ಒಡೆಯದ ವಯಲ್, ಅಂದರೆ ಔಷಧಿಯ ಪುಟ್ಟ ಬಾಟಲಿ, ಅದರ ಮೇಲೂ ಔಷಧಿ ಅಂಟಿರುತ್ತದೆ, ಡಬ್ಬಿ ಬಿಚ್ಚುವಾಗಲೂ ಗ್ಲೌಸ್ ಬೇಕು. ಮೇಜು ಒರೆಸಲು ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ನೀರು, ಆಗಬಹುದು. ಅದು ಈ ಔಷಧಿಗಳಲ್ಲಿ ಸುಮಾರನ್ನು ಮುರಿಯುತ್ತದೆ, ಎಲ್ಲವನ್ನೂ ಅಲ್ಲ. ಅದಕ್ಕೇ ಆಮೇಲೆ ಸೋಪು ನೀರಿನಲ್ಲಿ ಒರೆಸಿ ತೆಗೆಯಬೇಕು. ಸ್ಟೀಲ್ ಮೇಲೆ ಹಾಗೇ ಬಿಟ್ಟರೆ ತುಕ್ಕು ಬೇರೆ.

ಔಷಧಿ ಕಲಸುವ ಕ್ಯಾಬಿನೆಟ್ಟು, ಚೆಲ್ಲಿದ್ದನ್ನು ತೆಗೆಯುವ ಸ್ಪಿಲ್ ಕಿಟ್ಟು ನಿಮ್ಮಲ್ಲಿ ಹೇಳಿಕೊಡುತ್ತಾರೆ, ಬಿಡು. ಯಾರೂ ಹೇಳದ್ದು ಆಯಾಗಳ ವಿಷಯ. ಔಷಧಿ ಕೊಟ್ಟ ಮೇಲೂ ಎರಡು ದಿನ, ಅಂದರೆ 48 ಗಂಟೆ, ರೋಗಿಯ ಮೂತ್ರ, ವಾಂತಿ, ಬೆವರು ಎಲ್ಲಕ್ಕೂ ಇದೇ ಎಚ್ಚರಿಕೆ. ಕೆಲವು ಔಷಧಿಗೆ ಇನ್ನೂ ಜಾಸ್ತಿ. ನಮ್ಮಲ್ಲಿ ಬೆಡ್‌ಪ್ಯಾನ್ ಎತ್ತುತ್ತಿದ್ದ ಆಯಾ ಸೆರಗಿನಲ್ಲೇ ಕೈ ಒರೆಸಿಕೊಂಡು ಹೋಗುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಆಗ ನಾಲ್ಕು ತಿಂಗಳು. ನಾನು ನೋಡಿಯೂ ನೋಡದ ಹಾಗೆ ಚಾರ್ಟ್ ಬರೆಯುತ್ತಿದ್ದೆ. ಗೊತ್ತಿರಲಿಲ್ಲ ಅನ್ನುವುದು ಅರ್ಧ ಸತ್ಯ. ಗ್ಲೌಸ್ ಕಮ್ಮಿ ಇತ್ತು, ನಮಗೇ ಸಾಲುತ್ತಿರಲಿಲ್ಲ.

ನಿನ್ನ ವಿಷಯಕ್ಕೆ ಬಂದರೆ, ಟೆಸ್ಟ್ ಪಾಸಿಟಿವ್ ಬರಲಿ ಅಂತ ಕಾಯಬೇಡ. ಮೊದಲ ವಾರಗಳೇ ನಾಜೂಕು. ಈಗಲೇ ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಡು, ಕಲಸುವ ಕೆಲಸ ತಪ್ಪಿಸಿ ಅಂತ. ನಾಚಿಕೆ ಯಾಕೆ?

ಹಾಂ, ನಿಮ್ಮ ಆಯಾಗಳ ಗ್ಲೌಸ್ ಸೈಜ್ ನೋಡು. ಎಲ್ಲರಿಗೂ ದೊಡ್ಡದೇ ತರಿಸಿರುತ್ತಾರೆ. ಅದು ಜಾರುತ್ತದೆ ಅಂತ ಬಿಚ್ಚಿಟ್ಟೇ ಕೆಲಸ ಮಾಡುತ್ತಾರೆ.

ಇಂತಿ,
ದೊಡ್ಡಮ್ಮ