ಥೀಸಿಸ್ ಸಲ್ಲಿಸಿದೆ, ಕೆಲವರಿಗೆ ಥ್ಯಾಂಕ್ಸ್ ಬಾಕಿ ಇದೆ

ಅಂತೂ ಇಂತೂ ಪಿಎಚ್‌ಡಿ ಥೀಸಿಸ್ ಸಲ್ಲಿಸಿದೆ. ಗೈಡ್‌ಗೆ, ವಿಭಾಗದವರಿಗೆ ಅದರಲ್ಲೇ ಕೃತಜ್ಞತೆ ಹೇಳಿದ್ದೇನೆ. ಅಲ್ಲಿ ಬರೆಯಲಾಗದ್ದು ಇಲ್ಲಿ. ನನಗೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಕೆಲವರಲ್ಲಿ ಚಡಪಡಿಕೆಯೂ ಇರುವ ಸಮಸ್ಯೆ) ಇದೆ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಡಾಕ್ಟ್ರೇ, ಮೊಬೈಲಿನಲ್ಲಿ 6 ಪ್ರಶ್ನೆಗಳ ಫಾರ್ಮ್ ತುಂಬಿ "ನಂಗೆ ಇದೇ ಇರೋದು" ಅಂತ ಬಂದವಳನ್ನು ನೋಡಿ ನೀವು ನಗಲಿಲ್ಲ. ಹಾಗಂತ ತಕ್ಷಣ ಚೀಟಿಯನ್ನೂ ಬರೆಯಲಿಲ್ಲ. ಇದನ್ನು ಪತ್ತೆ ಮಾಡೋಕೆ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ, ಕೂತು ಮಾತಾಡಬೇಕು ಅಂದಿರಿ. ನಿದ್ದೆ, ಥೈರಾಯ್ಡ್, ಆತಂಕ, ಖಿನ್ನತೆ ಎಲ್ಲವನ್ನೂ ವಿಚಾರಿಸಿದಿರಿ. ಅವೂ ಗಮನ ಕೆಡಿಸುತ್ತವಲ್ಲ. ಆಮೇಲೆ ಕೇಳಿದಿರಿ: 12 ವರ್ಷ ತುಂಬುವ ಮೊದಲೇ ಹೀಗಿತ್ತಾ?

ಅದಕ್ಕೆ ಉತ್ತರ ಅಮ್ಮನ ಟ್ರಂಕಿನಲ್ಲಿತ್ತು. ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್, ಕೆಂಪು ಇಂಕಿನಲ್ಲಿ "ಜಾಣೆ, ಆದರೆ ಪಾಠದ ಕಡೆ ಗಮನವಿಲ್ಲ." ಅಮ್ಮ, ಡಾಕ್ಟರ ಮುಂದೆ ನೀನು "ಕೊತ್ತಂಬರಿ ತರೋಕೆ ಕಳಿಸಿದ್ರೆ ಚೀಲ ಅಂಗಡೀಲೇ ಬಿಟ್ಟು ಬರೋಳು" ಅಂದಾಗ ನಗು ಬಂತು, ಅಳುವೂ ಬಂತು. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ನೆ ಕೂತು ಎಲ್ಲೋ ಕಳೆದುಹೋಗುವ ಹುಡುಗಿಯನ್ನು ಯಾರು ನೋಡ್ತಾರೆ?

ಮೆಡಿಕಲ್ ಶಾಪ್ ಅಣ್ಣ, ನಿಮಗೂ ಥ್ಯಾಂಕ್ಸ್. ಡಾಕ್ಟರು ಕೊನೆಗೆ ಬರೆದುಕೊಟ್ಟ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಮಾರೋಕೆ ಕಟ್ಟುನಿಟ್ಟಿನ ನಿಯಮ ಇರುವ ಪಟ್ಟಿಯದ್ದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಈ ರಗಳೆ ಯಾಕೆ ಅಂತ ತುಂಬಾ ಅಂಗಡಿಯವರು ತರಿಸುವುದೇ ಇಲ್ಲ. ಒಂದು ಕಡೆಯಂತೂ ನನ್ನನ್ನು ಕಳ್ಳಿ ಥರ ನೋಡಿದರು. ನೀವು ಮಾತ್ರ ಸ್ಟಾಕ್ ಬಂದ ಕೂಡಲೇ ಫೋನ್ ಮಾಡ್ತಿದ್ರಿ.

ಇನ್ನು ನೀನು, ರೂಮ್‌ಮೇಟ್. ಡೋಸ್ ಸ್ವಲ್ಪಸ್ವಲ್ಪವೇ ಏರಿಸುವಾಗ ಬಿಪಿ, ನಾಡಿಯನ್ನು ಡಾಕ್ಟರು ನೋಡಿಕೊಂಡರು. ನನ್ನ ಊಟ ನೋಡಿಕೊಂಡಿದ್ದು ನೀನು. ಮಧ್ಯಾಹ್ನ ಹಸಿವೇ ಆಗ್ತಿರಲಿಲ್ಲ, ನೀನು ಬಿಡ್ತಿರಲಿಲ್ಲ. ಮಾತ್ರೆ ಕುರ್ಚಿಯಲ್ಲಿ ಕೂರಿಸುತ್ತೆ, ಆದರೆ ಅಧ್ಯಾಯ ಬರೆಯಲ್ಲ. ಕೆಲಸವನ್ನು ಚೂರು ಮಾಡಿಕೊಂಡು, ಟೈಮರ್ ಇಟ್ಟು ಬರೆಯೋದನ್ನು ಕೌನ್ಸೆಲಿಂಗ್‌ನಲ್ಲಿ ಕಲಿತೆ. ಅದು ದಿನಾ ನಡೆದಿದ್ದು ಮಾತ್ರ ನೀನು ಎದುರಿಗೆ ಲ್ಯಾಪ್‌ಟಾಪ್ ತೆಗೆದು ನಿನ್ನ ಪಾಡಿಗೆ ಕೂರುತ್ತಿದ್ದೆ ಅನ್ನೋ ಕಾರಣಕ್ಕೆ.

ವೈವಾ ತಾರೀಖು ಇನ್ನೂ ಬಂದಿಲ್ಲ. ಆ ದಿನ ರಜಾ ಹಾಕ್ತೀಯ ತಾನೇ?