ಗೆಳೆಯನಿಗೊಂದು ಪತ್ರ: ಯಹೂದಿ ದ್ವೇಷದ ಬೇರು ಹುಡುಕಿದವರು

ಪ್ರೀತಿಯ ಗೆಳೆಯಾ,

ನಿನ್ನ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಿದ್ದರೆ ಅರ್ಧಂಬರ್ಧ ಆಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ‘ಇಷ್ಟೊಂದು ದೇಶಗಳವರು ಶತಮಾನಗಟ್ಟಲೆ ಯಹೂದಿಗಳನ್ನು ದ್ವೇಷಿಸಿದ್ದಾರೆ ಎಂದಮೇಲೆ ಅವರೂ ಏನಾದರೂ ಮಾಡಿರಬೇಕಲ್ಲ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎಂದು ಕೇಳಿದ್ದೀಯ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂದು ಬಲ್ಲೆ. ಆದರೂ ಆ ದಿಕ್ಕಿನಲ್ಲಿ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ದ್ವೇಷಿಸಿದವರು ಏನನ್ನು ನಂಬಿದ್ದರು, ಅದನ್ನು ಅವರ ತಲೆಗೆ ತುಂಬಿದವರು ಯಾರು ಎಂದು ನೋಡಬೇಕು.

ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರವನ್ನೇ ತೆಗೆದುಕೊ. 1348ರಲ್ಲಿ ಯುರೋಪಿನ ಉದ್ದಗಲಕ್ಕೂ ಪ್ಲೇಗ್ ಹಬ್ಬುತ್ತಿತ್ತು. ಯಹೂದಿಗಳು ಬಾವಿಗಳಿಗೆ ವಿಷ ಹಾಕಿದ್ದಾರೆಂಬ ಗುಲ್ಲೆದ್ದಿತು. ಸವಾಯ್ ಪ್ರಾಂತ್ಯದಲ್ಲಿ ಕೆಲವರನ್ನು ಹಿಡಿದು, ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರು; ಆ ಸುದ್ದಿ ಪತ್ರಗಳ ಮೂಲಕ ಸ್ಟ್ರಾಸ್‌ಬರ್ಗಿಗೂ ಬಂತು. ಪ್ಲೇಗ್ ಯಹೂದಿಗಳನ್ನೂ ಕೊಲ್ಲುತ್ತಿದೆ, ಅವರು ಇಲ್ಲವೇ ಇಲ್ಲದ ನಾಡುಗಳಲ್ಲೂ ಕೊಲ್ಲುತ್ತಿದೆ ಎಂದು ಸ್ವತಃ ಪೋಪ್ ಆರನೇ ಕ್ಲೆಮೆಂಟ್ ಆಜ್ಞಾಪತ್ರ ಹೊರಡಿಸಿದರೂ ಕಿವಿಗೊಡುವವರಿರಲಿಲ್ಲ. ಸ್ಟ್ರಾಸ್‌ಬರ್ಗಿನ ಆಡಳಿತ ಮಂಡಳಿ ಯಹೂದಿಗಳನ್ನು ಕಾಪಾಡಲು ನಿಂತಾಗ, ಕಸುಬುದಾರರ ಸಂಘಗಳು ಸೇರಿ ಆ ಮಂಡಳಿಯನ್ನೇ ಉರುಳಿಸಿದವು. 1349ರ ಫೆಬ್ರವರಿ 14, ಶನಿವಾರ, ಯಹೂದಿಗಳನ್ನು ಅವರದೇ ಸ್ಮಶಾನಕ್ಕೆ ಒಯ್ದು, ಮರದ ಅಟ್ಟಣೆಯ ಮೇಲೆ ನಿಲ್ಲಿಸಿ ಸುಟ್ಟರು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲು ಒಪ್ಪಿದವರನ್ನು ಬಿಟ್ಟರು. ಸಾಲಪತ್ರಗಳೂ ಅಡವಿಟ್ಟ ವಸ್ತುಗಳೂ ಸಾಲಗಾರರಿಗೆ ವಾಪಸಾದವು, ನಗದನ್ನು ಹಂಚಿಕೊಂಡರು. ಗಮನಿಸು, ಆ ದಿನ ಊರಿಗೆ ಪ್ಲೇಗ್ ಇನ್ನೂ ಕಾಲಿಟ್ಟೇ ಇರಲಿಲ್ಲ.

ಯಹೂದಿಗಳನ್ನು ಕೊಂದ ವಿಷ ಅವರ ಹಣವೇ, ಬಡವರಾಗಿದ್ದರೆ ಅವರನ್ನು ಯಾರೂ ಸುಡುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಆ ನಗರದ ಚರಿತ್ರೆ ಬರೆದ ಕೋನಿಗ್ಸ್‌ಹೋಫೆನ್ ಬರೆದಿಟ್ಟಿದ್ದಾನೆ. ಎಷ್ಟೋ ವಿದ್ವಾಂಸರು ಇದೇ ಜಾಡು ಹಿಡಿದಿದ್ದಾರೆ. ಬಡ್ಡಿಗೆ ಸಾಲ ಕೊಡುವುದನ್ನು ಚರ್ಚು ಕ್ರೈಸ್ತರಿಗೆ ನಿಷೇಧಿಸಿತ್ತು, ಕಸುಬಿನ ಸಂಘಗಳು ಯಹೂದಿಗಳನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಲೇವಾದೇವಿ ಅನೇಕ ಯಹೂದಿಗಳ ಪಾಲಿಗೆ ಬಂತು, ಸಾಲಗಾರರ ಸಿಟ್ಟೂ ಬಂತು. ಇದು ನಿಜವೇ, ಆದರೆ ಸಾಲದು. ಇಂಗ್ಲೆಂಡ್ 1290ರಲ್ಲಿ ಯಹೂದಿಗಳೆಲ್ಲರನ್ನೂ ಹೊರಹಾಕಿತು. 1656ರವರೆಗೆ ಅಲ್ಲಿ ಅವರು ಬಹಿರಂಗವಾಗಿ ಬದುಕುವಂತಿರಲಿಲ್ಲ. ಸಾಲ ಕೊಡುವ ಯಹೂದಿಯೇ ಕಣ್ಣಿಗೆ ಬೀಳದ ಆ ನಾಡಿನ ನಾಟಕಗಳಲ್ಲಿ, ಪ್ರವಚನಗಳಲ್ಲಿ ಯಹೂದಿ ಖಳನಾಯಕ ಮಾತ್ರ ಗಟ್ಟಿಮುಟ್ಟಾಗಿ ಉಳಿದ. ಇದಕ್ಕೆ ಯಾವ ಲೆಕ್ಕದ ಪುಸ್ತಕವೂ ಉತ್ತರ ಕೊಡುವುದಿಲ್ಲ.

ಉತ್ತರದ ಒಂದು ತುದಿಯನ್ನು ಹಿಡಿದವರು ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಇತಿಹಾಸಕಾರ ಗೇವಿನ್ ಲ್ಯಾಂಗ್‌ಮ್ಯೂರ್. ಪರಕೀಯರ ಬಗ್ಗೆ ಜನ ಆಡುವ ಮಾತುಗಳನ್ನು ಅವರು ಮೂರಾಗಿ ವಿಂಗಡಿಸಿದರು: ಪರೀಕ್ಷಿಸಿ ನೋಡಬಹುದಾದವು, ಒಬ್ಬಿಬ್ಬರು ಮಾಡಿದ್ದನ್ನು ಇಡೀ ಸಮುದಾಯದ ತಲೆಗೆ ಕಟ್ಟುವವು, ಮೂರನೆಯವು ಯಾರೂ ಎಂದೂ ಕಾಣದ ಶುದ್ಧ ಕಲ್ಪನೆಗಳು. ಮೊದಲೆರಡು ಯಾವ ಅಲ್ಪಸಂಖ್ಯಾತರಿಗೂ ತಪ್ಪಿದ್ದಲ್ಲ; ಮೂರನೆಯದು ಬಂದಾಗಲೇ ಅದು ಯಹೂದಿ ದ್ವೇಷ ಎಂದರು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಬಳಿಯ ಕಾಡಿನಲ್ಲಿ ವಿಲಿಯಂ ಎಂಬ ಬಾಲಕನ ಶವ ಸಿಕ್ಕಿತು. ಕೆಲವು ವರ್ಷಗಳ ನಂತರ ಆ ಊರಿಗೆ ಬಂದ ಥಾಮಸ್ ಎಂಬ ಸನ್ಯಾಸಿ, ಯಹೂದಿಗಳು ಕ್ರಿಸ್ತನನ್ನು ಅಣಕಿಸಲು ಹುಡುಗನನ್ನು ಶಿಲುಬೆಗೇರಿಸಿ ಕೊಂದರೆಂದು ಬರೆದ. ಆ ಸನ್ಯಾಸಿಯ ಬರಹವನ್ನು ಲ್ಯಾಂಗ್‌ಮ್ಯೂರ್ ಪತ್ತೇದಾರನಂತೆ ಸಾಲುಸಾಲಾಗಿ ಬಿಡಿಸಿ ನೋಡಿದ್ದಾರೆ. ಥಾಮಸ್ ಹೊರಿಸಿದ ಆ ಆರೋಪ ಅಲ್ಲಿಗೇ ನಿಲ್ಲದೆ ಇಡೀ ಯುರೋಪಿಗೆ ಹಬ್ಬಿತು. ನಿನ್ನ ಹೊಗೆಯ ಮಾತಿಗೆ ನನ್ನ ಉತ್ತರ ಇದೇ ನಾರ್ವಿಚ್.

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ದ್ವೇಷ ಧರ್ಮದ ಅಂಗಿ ಕಳಚಿ ಜನಾಂಗದ ಅಂಗಿ ತೊಟ್ಟಿತು. 1879ರಲ್ಲಿ ವಿಲ್ಹೆಲ್ಮ್ ಮಾರ್ ಎಂಬ ಜರ್ಮನ್ ಪತ್ರಕರ್ತ ಯಹೂದಿಗಳ ವಿರುದ್ಧ ಕೂಟವನ್ನೇ ಕಟ್ಟಿದ. ದೋಷ ರಕ್ತದಲ್ಲೇ ಇದೆ ಎಂದಮೇಲೆ ದೀಕ್ಷಾಸ್ನಾನದಿಂದ ಜೀವ ಉಳಿಸಿಕೊಳ್ಳುವ ದಾರಿಯೂ ಮುಚ್ಚಿತು. ಹಿಟ್ಲರನ ಕಾಲ ಮುಗಿಯುವ ಹೊತ್ತಿನಲ್ಲಿ ಜರ್ಮನ್ ಚಿಂತಕ ಥಿಯೋಡರ್ ಅಡಾರ್ನೋ ಮತ್ತು ಸಂಗಡಿಗರು ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಪ್ರಶ್ನಾವಳಿ ಕೊಟ್ಟು, ಮೇಲಿನವರಿಗೆ ತಲೆಬಾಗಿ ಕೆಳಗಿನವರನ್ನು ತುಳಿಯುವ ಸ್ವಭಾವದಲ್ಲಿ ದ್ವೇಷದ ಬೇರಿದೆ ಎಂದು 1950ರಲ್ಲಿ ಪ್ರಕಟಿಸಿದರು. ನನಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಅಂಥ ಸ್ವಭಾವದವರು ಎಲ್ಲೆಡೆ ಇದ್ದಾರೆ; ಗುರಿ ಯಹೂದಿಗಳೇ ಏಕಾದರು? ಮರುವರ್ಷ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಪಟ್ಟು ಹಿಡಿದದ್ದೂ ಇಲ್ಲೇ. ಅವರು ಹೇಳುವ ಒಂದು ಹಳೆಯ ಕಥೆಯಿದೆ. ಯುದ್ಧಕ್ಕೆ ಯಹೂದಿಗಳೇ ಕಾರಣ ಎನ್ನುತ್ತಾನೆ ಒಬ್ಬ. ಹೌದು, ಯಹೂದಿಗಳು ಮತ್ತು ಸೈಕಲ್ ಸವಾರರು ಎನ್ನುತ್ತಾನೆ ಇನ್ನೊಬ್ಬ. ಸೈಕಲ್ ಸವಾರರೇಕೆ? ಯಹೂದಿಗಳೇಕೆ? ಯಾರನ್ನಾದರೂ ಬಲಿಪಶು ಮಾಡಬಹುದಿತ್ತು ಎಂಬ ವಿವರಣೆ ಅರೆಂಟ್‌ಗೆ ಸಾಕಾಗಲಿಲ್ಲ. ಈ ದ್ವೇಷ ಎಂದೆಂದಿಗೂ ಇರುವಂಥದ್ದು ಎಂಬ ಮಾತನ್ನೂ ಅವರು ಒಪ್ಪಲಿಲ್ಲ.

2012ರಲ್ಲಿ ನಿಕೋ ಫಾಯ್ಗ್ಟ್‌ಲೆಂಡರ್ ಮತ್ತು ಹಾನ್ಸ್-ಯೋಆಕಿಮ್ ಫೋತ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವನ್ನು ಓದಿ ನನಗೆ ಮೈ ಜುಮ್ಮೆಂದಿತ್ತು. ಪ್ಲೇಗಿನ ಕಾಲದಲ್ಲಿ ಯಹೂದಿಗಳನ್ನು ಕೊಂದ ಜರ್ಮನ್ ಊರುಗಳಲ್ಲೇ, ಸುಮಾರು ಆರುನೂರು ವರ್ಷಗಳ ನಂತರ, 1928ರ ಚುನಾವಣೆಯಲ್ಲಿ ನಾಜಿಗಳಿಗೆ ಹೆಚ್ಚು ಮತ ಬಿದ್ದಿತ್ತು. ಅದರಲ್ಲೇ ಇನ್ನೊಂದು ಮಾತೂ ಇದೆ: ದೂರದೇಶಗಳೊಡನೆ ವ್ಯಾಪಾರವಿದ್ದ ಹಾನ್ಸಾ ಎಂಬ ವರ್ತಕರ ಒಕ್ಕೂಟದ ನಗರಗಳಲ್ಲಿ ಈ ಮುಂದುವರಿಕೆ ಅಷ್ಟಾಗಿ ಕಾಣುವುದಿಲ್ಲ. ರಕ್ತಗತವಾಗಿದ್ದರೆ ಹೀಗೆ ಊರಿಂದ ಊರಿಗೆ ಬೇರೆಯಾಗುತ್ತಿತ್ತೇ?

ನಾನು ಹೆಚ್ಚು ನೆಚ್ಚಿಕೊಂಡಿರುವುದು ಜೂಲ್ ಇಸಾಕ್ ಅವರನ್ನು. ಫ್ರಾನ್ಸಿನ ಮಕ್ಕಳು ತಲೆಮಾರುಗಟ್ಟಲೆ ಓದಿದ ಇತಿಹಾಸ ಪಠ್ಯಪುಸ್ತಕಗಳನ್ನು ಬರೆದವರು ಅವರು. ಯಹೂದಿ ಎಂಬ ಕಾರಣಕ್ಕೆ 1940ರಲ್ಲಿ ಹುದ್ದೆ ಹೋಯಿತು. 1943ರಲ್ಲಿ ಹೆಂಡತಿ, ಮಗಳನ್ನು ಹಿಡಿದೊಯ್ದಾಗ ಅವರು ಹೊರಗೆ ಹೋಗಿದ್ದರಿಂದ ಬದುಕಿಕೊಂಡರು. ಹಿಡಿದ ಕೆಲಸವನ್ನು ಮುಗಿಸು ಎಂದು ಹೆಂಡತಿ ಸೆರೆಯಿಂದಲೇ ಹೇಳಿಕಳಿಸಿದರು, ಆಕೆ ಮರಳಲಿಲ್ಲ. ಇಸಾಕ್ ಆ ಕೆಲಸ ಮುಗಿಸಿದರು. ಯಹೂದಿಗಳು ದೇವರನ್ನು ಕೊಂದವರು, ಅದಕ್ಕೇ ದಿಕ್ಕಾಪಾಲಾದರು ಎಂದು ಚರ್ಚುಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದೇ ಈ ತಿರಸ್ಕಾರದ ಬುನಾದಿ, ಸುವಾರ್ತೆಗಳನ್ನು ಸರಿಯಾಗಿ ಓದಿದರೆ ಅದು ನಿಲ್ಲುವುದಿಲ್ಲ ಎಂದು ತೋರಿಸಿದರು.

ನಮ್ಮ ಪಶ್ಚಿಮ ಕರಾವಳಿಯೂ ಇದಕ್ಕೆ ಸಾಕ್ಷಿ. ಕೊಚ್ಚಿಯ ಯಹೂದಿಗಳು ಶತಮಾನಗಳ ಕಾಲ ಅರಸರ ಆಶ್ರಯದಲ್ಲಿ ಬಾಳಿದರು. ಕಿರುಕುಳ ಹಡಗೇರಿ ಬಂದದ್ದು ಪೋರ್ಚುಗೀಸರೊಡನೆ. ಗೋವಾದಲ್ಲಿ ಔಷಧಿ ಸಸ್ಯಗಳ ಬಗ್ಗೆ ಮಹತ್ವದ ಗ್ರಂಥ ಬರೆದ ವೈದ್ಯ ಗಾರ್ಸಿಯಾ ದ ಓರ್ಟಾ ಗುಟ್ಟಾಗಿ ಯಹೂದಿ ಧರ್ಮ ಪಾಲಿಸುತ್ತಿದ್ದನೆಂದು, ಅವನು ಸತ್ತ ಮೇಲೆ, 1580ರಲ್ಲಿ ಅವನ ಮೂಳೆಗಳನ್ನು ಅಗೆದು ತೆಗೆದು ಸುಟ್ಟರು. ಅದಕ್ಕೂ ಮೊದಲು, 1569ರಲ್ಲಿ, ಅವನ ತಂಗಿಯನ್ನು ಜೀವಂತ ಸುಟ್ಟಿದ್ದರು.

ಇಸಾಕ್ ಎಂಬತ್ತೆರಡರ ವಯಸ್ಸಿನಲ್ಲಿ, 1960ರ ಜೂನ್‌ನಲ್ಲಿ, ರೋಮಿಗೆ ಹೋಗಿ ಪೋಪ್ ಇಪ್ಪತ್ತಮೂರನೇ ಜಾನ್ ಅವರ ಮುಂದೆ ತಮ್ಮ ಟಿಪ್ಪಣಿಗಳನ್ನಿಟ್ಟರು. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಕ್ಯಾಥೊಲಿಕ್ ಚರ್ಚು 1965ರ ಅಕ್ಟೋಬರ್ 28ರಂದು ಘೋಷಿಸಿತು. ಇಸಾಕ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಅವರ ಚಿಕ್ಕ ಪುಸ್ತಕವೊಂದರ ಇಂಗ್ಲಿಷ್ ಅನುವಾದ ನನ್ನ ಬಳಿ ಇದೆ, ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಓದಿ ಬರೆ. ಅಡಾರ್ನೋ ವಿಷಯದಲ್ಲಿ ನಿನಗೆ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದನ್ನೂ ಬರೆ.

ಇಂತಿ,
ನಿನ್ನ ಗೆಳೆಯ