ಹೊಗೆಯಿಲ್ಲದ ಒಲೆಗೆ ಕೊಳವೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊಸದಾಗಿ ಕಟ್ಟುವ ತಾರಸಿ ಮನೆಗಳಲ್ಲೂ ಗ್ಯಾಸಿನ ಜೊತೆಗೆ ಒಂದು ಸೌದೆ ಒಲೆಗೆ ಜಾಗ ಇಡುವುದು ಇಂದಿಗೂ ರೂಢಿಯಲ್ಲಿದೆ. ತೋಟವಿದ್ದವರಿಗೆ ತೆಂಗಿನ ಮಡಲು, ಕೊತ್ತಳಿಗೆ (ಮಡಲಿನ ಬುಡ), ಗೆರಟೆ (ಚಿಪ್ಪು), ಅಡಿಕೆ ಸಿಪ್ಪೆಗಳಿಗೆ ಕೊರತೆಯಿಲ್ಲ. ಕುಚ್ಚಿಲಕ್ಕಿ ಬೇಯಲು ಹೊತ್ತು ಬೇಕು. ಆದ್ದರಿಂದ ಸೌದೆ ಒಲೆ ಬೇಡವೆನ್ನುವವನು ನಾನಲ್ಲ. ಅದನ್ನು ಕಟ್ಟುವ ಕ್ರಮದ ಬಗ್ಗೆ ಮಾತ್ರ ನನಗೆ ಆತಂಕವಿದೆ.

ಹಂಚಿನ ಮನೆಯಲ್ಲಿ ಹೊಗೆ ಅಲ್ಪಸ್ವಲ್ಪವಾದರೂ ಹಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ತಾರಸಿಯ ಅಡುಗೆಕೋಣೆಯಲ್ಲಿ ಆ ದಾರಿಯಿಲ್ಲ. ಹೀಗಿದ್ದರೂ ಮನೆಯ ಅಂದ ಕೆಡುತ್ತದೆಂದು ಹೊಗೆಕೊಳವೆಯನ್ನು ತಾರಸಿಯ ಕಟ್ಟೆಯ ಮಟ್ಟಕ್ಕೇ ನಿಲ್ಲಿಸುವುದನ್ನು, ಕೆಲವೆಡೆ ತಾರಸಿಯ ಮೇಲೆ ಮಾಡಾಗಿ ಹಾಕಿದ ಶೀಟಿನ ಅಡಿಯಲ್ಲೇ ಮುಗಿಸುವುದನ್ನು ಕಾಣುತ್ತಿದ್ದೇನೆ. ಗಾಳಿ ಬೀಸಿದಾಗ ಅಂಥ ಕೊಳವೆಯ ಹೊಗೆ ತಿರುಗಿ ಒಳಗೇ ಇಳಿಯುತ್ತದೆ. ಕಣ್ಣುರಿಸುವ ಹೊಗೆಯಾದರೂ ಗೊತ್ತಾಗುತ್ತದೆ. ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಡುಗೆಮನೆಯ ಹೊಗೆಯೇ ಮುಖ್ಯವಾಗಿರುವ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಹೊಗೆಯನ್ನು ದಿನವೂ ಉಸಿರಾಡುವವರು ಹೆಚ್ಚಾಗಿ ನಮ್ಮ ಮನೆಯ ಹೆಂಗಸರು ಮತ್ತು ಅವರ ಮಗ್ಗುಲಲ್ಲಿರುವ ಮಕ್ಕಳು.

ಜನರಿಗೆ ವಿಜ್ಞಾನ ತಿಳಿಸುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರ ದಶಕದಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿದ, ಹೊಗೆ ಕಡಿಮೆಯ ಪರಿಷತ್ ಒಲೆಯನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಗಡಿಯಾಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಂಥದೇ ಅಸ್ತ್ರ ಒಲೆ ಬಂತು. ಎರಡರಲ್ಲೂ ಕೊಳವೆಯಷ್ಟೇ ಮುಖ್ಯವಾದುದು ಬೆಂಕಿಗೂಡಿನ ಅಳತೆ ಮತ್ತು ಸೌದೆಯ ಅಡಿಯಿಂದ ಗಾಳಿಯಾಡಲು ಇಟ್ಟ ಸರಳುಗಳ ಜಾಲರಿ. ಇಂದು ಟೈಲ್ಸ್ ಹೊದಿಸಿ ಚೆಂದಗಾಣಿಸಿದ ಎಷ್ಟೋ ಒಲೆಗಳಲ್ಲಿ ಜಾಲರಿಯೇ ಇರುವುದಿಲ್ಲ, ಬಾಯಿ ಬೇಕಾಬಿಟ್ಟಿ ಅಗಲವಾಗಿರುತ್ತದೆ. ತುಂಬ ಸೌದೆ ತುರುಕಿದರೆ ಗಾಳಿ ಸಾಲದೆ ಅದು ಉರಿಯುವ ಬದಲು ಹೊಗೆಯಾಡುತ್ತದೆ. ಪಾತ್ರೆಯ ತಳಕ್ಕೂ ಒಲೆಯ ಕಣ್ಣಿಗೂ ಹೊಂದದಿದ್ದರೆ ಆ ಸಂದಿನಿಂದಲೂ ಹೊಗೆ ಬರುತ್ತದೆ.

ಮೇಸ್ತ್ರಿ ಕೆಲಸ ಮುಗಿಸಿ ಹೋಗುವ ಮೊದಲು ಮನೆಯವರೇ ಮಾಡಬಹುದಾದ ಪರೀಕ್ಷೆಯೊಂದಿದೆ. ಒಳಗೆ ಸ್ವಲ್ಪ ಬೆಂಕಿ ಹೊತ್ತಿಸಿ ಕೊಳವೆ ಬಿಸಿಯಾದ ಮೇಲೆ, ಉರಿಯುವ ಒಣ ತೆಂಗಿನ ಗರಿಯೊಂದನ್ನು ಒಲೆಯ ಬಾಯಿಗೆ ಹಿಡಿಯಬೇಕು. ಜ್ವಾಲೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ. ನೆಟ್ಟಗೆ ನಿಂತರೆ ಅಥವಾ ಹೊರಕ್ಕೆ ಬಾಗಿದರೆ ದೋಷವಿದೆ. ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿಯೊಂದನ್ನು ಕೇಳಿ ಮಾಡಿಸಿಕೊಳ್ಳಬೇಕು. ಮಳೆಗಾಲಕ್ಕೆ ಬೇಕಾದ ಸೌದೆಯನ್ನು ಬೇಸಗೆಯಲ್ಲೇ ಒಣಗಿಸಿ ಮಾಡಿನಡಿ ಒಟ್ಟುವ ಹಿರಿಯರ ಪದ್ಧತಿಯೂ ಬಿಟ್ಟುಹೋಗಬಾರದು. ಹಸಿ ಸೌದೆಯ ಶಾಖದಲ್ಲಿ ಒಂದಷ್ಟು ಅದರ ನೀರು ಆರಿಸಲಿಕ್ಕೇ ಖರ್ಚಾಗುತ್ತದೆ.

ನಮ್ಮ ಗ್ರಾಮ ಪಂಚಾಯತುಗಳು ಸ್ಥಳೀಯ ಮೇಸ್ತ್ರಿಗಳಿಗೆ ಈ ಒಲೆಗಳ ಅಳತೆಯನ್ನು ಕೈಯಾರೆ ಕಟ್ಟಿಸಿ ಕಲಿಸುವ ಶಿಬಿರಗಳನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಏರ್ಪಡಿಸಬೇಕು. ಬಳಕೆಯ ಸೂಚನಾಪತ್ರ ಮಲಯಾಳದಲ್ಲಿ ಮಾತ್ರವಲ್ಲದೆ ಕನ್ನಡದಲ್ಲೂ ಇರಬೇಕು. ದಿನವೂ ಒಲೆಯ ಮುಂದೆ ಕೂರುವ ಇಲ್ಲಿನ ಅನೇಕ ತಾಯಂದಿರು ಓದಬಲ್ಲುದು ಕನ್ನಡವೊಂದನ್ನೇ.

ಇತಿ,
ಓರ್ವ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ